ಪಿಕಪ್ ಗಾಡಿಯ ಎಂಜಿನ್ ಶಕ್ತಿ ಹೆಚ್ಚಿಸಲು ಮೊದಲ ಮಾರ್ಪಾಡುಗಳನ್ನು ಆರಿಸುವ ಬಗೆ

ನಮ್ಮ ಗ್ಯಾರೇಜುಗಳಲ್ಲಿ ‘ಪಿಕಪ್’ ಎಂಬ ಮಾತಿಗೆ ಎರಡು ಅರ್ಥವಿದೆ. ಹಿಂದೆ ತೆರೆದ ಬಾಡಿ ಇರುವ ಗಾಡಿಯೂ ಪಿಕಪ್, ಆಕ್ಸಿಲರೇಟರ್ ತುಳಿದಾಗ ಗಾಡಿ ಮುನ್ನುಗ್ಗುವ ಎಳೆತವೂ ಪಿಕಪ್. ‘ಪಿಕಪ್‌ಗೆ ಪಿಕಪ್ಪೇ ಇಲ್ಲ’ ಎಂಬ ದೂರು ಮಲೆನಾಡಿನ ಯಾವ ಗ್ಯಾರೇಜಿಗೂ ಹೊಸತಲ್ಲ. ತೋಟದ ಕೆಲಸಕ್ಕೂ ಊರಿನ ಓಡಾಟಕ್ಕೂ ಒಂದೇ ಗಾಡಿ ಸಾಕೆಂದು ಡೀಸೆಲ್ ಪಿಕಪ್ ಕೊಂಡವರು ವರ್ಷ ತುಂಬುವಷ್ಟರಲ್ಲಿ ರೀಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕ ತಿದ್ದುವುದು), ಸೈಲೆನ್ಸರ್, ಏರ್ ಫಿಲ್ಟರ್ ಎಂದು ವಿಚಾರಿಸತೊಡಗುತ್ತಾರೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು, ಯಾವುದಕ್ಕೆ ದುಡ್ಡು ಹಾಕಲೇಬಾರದು ಎಂಬುದನ್ನು ಅಂಥವರಿಗಾಗಿ ಇಲ್ಲಿ ಬರೆದಿದ್ದೇನೆ. ಲೆಕ್ಕಕ್ಕೆ ಬಹುತೇಕ ಕಡೆ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಗಾಡಿಯ ಅಂಕಿಗಳನ್ನು ಬಳಸಿಕೊಂಡಿದ್ದೇನೆ. ಟರ್ಬೊ ಡೀಸೆಲ್ ಎಂಜಿನ್ ಇರುವ ಬೇರೆ ಪಿಕಪ್‌ಗಳಿಗೂ ಇದೇ ಕ್ರಮ ಹೊಂದುತ್ತದೆ.

ಕೊರತೆ ಯಾವ ಆರ್‌ಪಿಎಂನಲ್ಲಿದೆ?

ಬಿಎಸ್6 ಹೊಗೆ ನಿಯಮಕ್ಕೆ ಹೊಂದುವ ವಿ-ಕ್ರಾಸ್‌ನ 1.9 ಲೀಟರ್ ಎಂಜಿನ್ 3600 ಆರ್‌ಪಿಎಂನಲ್ಲಿ (ನಿಮಿಷಕ್ಕೆ ತಿರುಗುವ ಸುತ್ತುಗಳು) 163 ಪಿಎಸ್ (ಅಶ್ವಶಕ್ತಿ) ಶಕ್ತಿಯನ್ನೂ 2000ದಿಂದ 2500 ಆರ್‌ಪಿಎಂವರೆಗೆ 360 ನ್ಯೂಟನ್ ಮೀಟರ್ ಟಾರ್ಕನ್ನೂ (ತಿರುಗಿಸುವ ಬಲ) ಕೊಡುತ್ತದೆ. ಈ ಎರಡು ಅಂಕಿಗಳ ಸಂಬಂಧ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಆ ಕ್ಷಣದ ಶಕ್ತಿ ಕಿಲೋವ್ಯಾಟ್ ಲೆಕ್ಕದಲ್ಲಿ ಸಿಗುತ್ತದೆ. 360 ನ್ಯೂಟನ್ ಮೀಟರನ್ನು 2000 ಆರ್‌ಪಿಎಂಗೆ ಲೆಕ್ಕ ಹಾಕಿದರೆ ಬರುವುದು ಸುಮಾರು 75 ಕಿಲೋವ್ಯಾಟ್, ಅಂದರೆ ನೂರು ಪಿಎಸ್‌ಗಿಂತ ತುಸು ಹೆಚ್ಚು. ಕಂಪನಿಯ ಕೈಪಿಡಿಯಲ್ಲಿ 163 ಎಂದು ಬರೆದಿದ್ದರೂ ಎಂಜಿನ್ 2000 ಆರ್‌ಪಿಎಂನಲ್ಲಿ ತಿರುಗುತ್ತಿರುವಾಗ ನಿಮ್ಮ ಪಾದದ ಕೆಳಗೆ ಇರುವುದು ಅಷ್ಟೇ.

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಒಂದನ್ನು ನೆನೆದುಕೊಳ್ಳಿ. ಎದುರಿನಿಂದ ಬಸ್ಸು ಇಳಿಯುತ್ತಿದೆ, ನೀವು ಎರಡನೇ ಗೇರಿನಲ್ಲಿ ನಿಧಾನಿಸಿದ್ದೀರಿ, ಸೂಜಿ 1300ಕ್ಕೆ ಇಳಿದಿದೆ. ಬಸ್ಸು ದಾಟಿದ ಮೇಲೆ ಆಕ್ಸಿಲರೇಟರ್ ತುಳಿದರೆ ಎರಡು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಎಳೆತ ಬರುತ್ತದೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇನ್ನೂ ವೇಗಕ್ಕೆ ಬಾರದೆ ಗಾಳಿ ಸಾಲದಿರುವ ಕ್ಷಣಗಳು ಅವು. ಇಂಥ ಜಾಗದಲ್ಲಿ 3600 ಆರ್‌ಪಿಎಂನ ಶಕ್ತಿಯನ್ನು ಎಷ್ಟು ಹೆಚ್ಚಿಸಿದರೂ ಪ್ರಯೋಜನವಿಲ್ಲ, 1300ರಿಂದ 2000ದ ನಡುವಿನ ಟಾರ್ಕ್ ಬೇಕು. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಎಳೆತ ಸಾಲದು ಎನ್ನುವವರ ಕೊರತೆ 2500ರಿಂದ 3500ರ ನಡುವಿನದು. ಎರಡಕ್ಕೂ ಮದ್ದು ಬೇರೆ ಬೇರೆ.

ಆದ್ದರಿಂದ ಯಾವ ಬಿಡಿಭಾಗವನ್ನೂ ವಿಚಾರಿಸುವ ಮೊದಲು ಒಂದು ವಾರ ಚೀಟಿಯೊಂದರಲ್ಲಿ ಬರೆದಿಡುತ್ತ ಹೋಗಿ: ಎಳೆತ ಸಾಲದೆಂದು ಅನ್ನಿಸಿದ ಜಾಗ, ಗೇರು, ಆರ್‌ಪಿಎಂ, ಹಿಂದೆ ಇದ್ದ ಲೋಡು, ಎಸಿ ಹಾಕಿತ್ತೇ ಇಲ್ಲವೇ, ಬೆಳಗಿನ ಹೊತ್ತೇ ಮಧ್ಯಾಹ್ನದ ಬಿಸಿಲೇ, ಹೊಗೆ ಕಂಡಿತೇ. ಗಾಡಿ ಹೊಸದಿದ್ದಾಗಲೂ ಹೀಗೆಯೇ ಇತ್ತೇ, ಇತ್ತೀಚೆಗೆ ಶುರುವಾಯಿತೇ ಎಂಬ ಪ್ರಶ್ನೆ ಇವೆಲ್ಲಕ್ಕಿಂತ ಮುಖ್ಯ. ಇತ್ತೀಚೆಗೆ ಶುರುವಾಗಿದ್ದರೆ ಅದು ರಿಪೇರಿಯ ಕೆಲಸ, ಮಾರ್ಪಾಡಿನ ವಿಚಾರ ಆಮೇಲಿನದು.

ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯುವುದು

ಇದನ್ನು ನಾನು ಕಲಿತದ್ದು ಸ್ವಂತ ಖರ್ಚಿನಲ್ಲಿ. ನಮ್ಮ ಮನೆಯಲ್ಲಿದ್ದ ಹಳೆಯ ಪಿಕಪ್ ಒಂದು ಬೇಸಗೆಯಲ್ಲಿ ಏರು ಹತ್ತಲು ಮೊಂಡು ಹಿಡಿಯಿತು. ಪೇಟೆಯ ಅಂಗಡಿಯೊಂದರಲ್ಲಿ ಹೆಚ್ಚು ಡೀಸೆಲ್ ಬಿಡಿಸುವ ಟ್ಯೂನಿಂಗ್ ಬಾಕ್ಸ್ ಹಾಕಿಸಿದೆ. ಎಳೆತ ಸ್ವಲ್ಪ ಬಂದಂತಾಯಿತು, ಅದರ ಜೊತೆಗೆ ಹಿಂದೆ ಕಪ್ಪು ಹೊಗೆಯೂ ಬಂತು. ತಿಂಗಳಾದ ಮೇಲೆ ಊರಿನ ಮೆಕ್ಯಾನಿಕ್ ಬಾನೆಟ್ ತೆಗೆದು, ಟರ್ಬೊದಿಂದ, ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್‌ನ ಕೆಳಗೆ ಬೆರಳಾಡಿಸಿ, ಎಣ್ಣೆ ಹತ್ತಿದ ಕಪ್ಪು ಬೆರಳನ್ನು ನನ್ನ ಮುಂದೆ ಹಿಡಿದರು. ಕ್ಲಾಂಪ್‌ನ ಅಂಚಿನಲ್ಲಿ, ಮೇಲಿನಿಂದ ನೋಡಿದರೆ ಕಾಣದ ಕಡೆ, ಉಗುರಿನಷ್ಟು ಉದ್ದದ ಸೀಳು ಇತ್ತು. ಹೋಸ್ ಬದಲಾಯಿಸಿ ಬಾಕ್ಸ್ ಕಿತ್ತುಹಾಕಿದ ಮೇಲೆ ಗಾಡಿ, ಬಾಕ್ಸ್ ಇದ್ದಾಗಿಗಿಂತ ಚೆನ್ನಾಗಿ ಎಳೆಯಿತು.

ಆದದ್ದು ಇಷ್ಟು. ಎಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿಯನ್ನು ಫಿಲ್ಟರ್ ಹತ್ತಿರದ ಏರ್‌ಫ್ಲೋ ಸೆನ್ಸರ್ ಅಳೆಯುತ್ತದೆ, ಎಂಜಿನ್ನಿನ ಕಂಪ್ಯೂಟರಾದ ಇಸಿಯು ಆ ಅಳತೆಯನ್ನು ಗಮನದಲ್ಲಿಟ್ಟುಕೊಂಡು ಡೀಸೆಲ್ ಬಿಡುತ್ತದೆ. ಅಳೆದ ಮೇಲೆ ಗಾಳಿ ದಾರಿಯಲ್ಲಿ ಸೋರಿದರೆ ಡೀಸೆಲ್ ಹೆಚ್ಚಾಗಿ ಗಾಳಿ ಕಡಿಮೆಯಾಗಿ, ಶಕ್ತಿ ಇಳಿದು ಕಪ್ಪು ಹೊಗೆ ಬರುತ್ತದೆ. ಈ ಸೋರಿಕೆ ಐಡಲ್‌ನಲ್ಲಿ ಗೊತ್ತಾಗುವುದಿಲ್ಲ, ಏಕೆಂದರೆ ಆಗ ಟರ್ಬೊ ಒತ್ತಡವೇ ಇರುವುದಿಲ್ಲ. ಎಂಜಿನ್ ಆರಿದ ಮೇಲೆ ಹೋಸ್‌ಗಳನ್ನು ಕೈಯಿಂದ ಬಾಗಿಸಿ ನೋಡಬೇಕು, ಎಣ್ಣೆಯ ಜಿಡ್ಡು ಹೊರಗೆ ಎಲ್ಲಿ ಕೂತಿದೆಯೋ ಅಲ್ಲಿ ಅನುಮಾನ ಪಡಬೇಕು. ಹೊಗೆ ತುಂಬಿ ಸೋರಿಕೆ ತೋರಿಸುವ ಸ್ಮೋಕ್ ಟೆಸ್ಟ್ ಯಂತ್ರವಿರುವ ಗ್ಯಾರೇಜು ಹತ್ತಿರವಿದ್ದರೆ ಸಂಶಯವೇ ಉಳಿಯುವುದಿಲ್ಲ.

ಏರ್ ಫಿಲ್ಟರನ್ನು ಸರ್ವಿಸ್ ಪುಸ್ತಕದ ಕಿಲೋಮೀಟರ್ ಲೆಕ್ಕಕ್ಕೆ ಬಿಡಬಾರದು. ಜನವರಿಯಿಂದ ಮೊದಲ ಮಳೆಯವರೆಗೆ ಕೆಮ್ಮಣ್ಣಿನ ತೋಟದ ರಸ್ತೆಯಲ್ಲಿ ಓಡುವ ಗಾಡಿಯ ಫಿಲ್ಟರ್ ಅದಕ್ಕಿಂತ ಎಷ್ಟೋ ಮೊದಲೇ ಕಟ್ಟುತ್ತದೆ. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಮಳೆಗಾಲದಲ್ಲಿ ಮರೆಯದೆ ಬಿಡಬೇಕು. ಇಂಟರ್‌ಕೂಲರ್ ಮತ್ತು ರೇಡಿಯೇಟರಿನ ತೆಳುವಾದ ರೆಕ್ಕೆಗಳ ನಡುವೆ ಕೆಸರು, ಹುಳು, ಎಲೆಚೂರು ಸೇರಿಕೊಂಡಿದ್ದರೆ ಸಾಧಾರಣ ಪೈಪಿನ ನೀರಿನಲ್ಲಿ ತೊಳೆಯಬೇಕು. ವಾಟರ್ ಸರ್ವಿಸ್‌ನ ಗನ್ನನ್ನು ಹತ್ತಿರ ಹಿಡಿದರೆ ಆ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟಿದೆಯೇ, ಬ್ರೇಕ್ ಹಿಡಿದುಕೊಂಡೇ ಓಡುತ್ತಿದೆಯೇ, ಟೈರಿನ ಗಾಳಿ ಸರಿಯಿದೆಯೇ ಎಂಬುದನ್ನೂ ಇದೇ ಸಲ ನೋಡಿಸಿಕೊಳ್ಳುವುದು ಒಳ್ಳೆಯದು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಒಬ್ಬರೇ ತಳ್ಳಿದಾಗ ಅದು ಒಂದಿಷ್ಟೂ ಜರುಗದಿದ್ದರೆ ಎಂಜಿನ್ನನ್ನು ದೂರುವ ಮೊದಲು ಚಕ್ರಗಳನ್ನು ನೋಡಿ.

ಟೈರು ಮತ್ತು ತೂಕ

ಪಿಕಪ್ ಕೊಂಡವರು ಎಂಜಿನ್ನಿಗೆ ಕೈಹಾಕುವ ಮೊದಲೇ ಟೈರಿಗೆ ಕೈಹಾಕಿರುತ್ತಾರೆ. 245/70 ಆರ್16 ಅಳತೆಯ ಟೈರಿನ ಎತ್ತರ ಲೆಕ್ಕದಲ್ಲಿ ಸುಮಾರು 749 ಮಿಲಿಮೀಟರ್. ಅದರ ಬದಲು 265/70 ಆರ್16 ಹಾಕಿದರೆ ಎತ್ತರ 777 ಮಿಲಿಮೀಟರ್ ಆಗಿ ಶೇಕಡ ನಾಲ್ಕಕ್ಕಿಂತ ಕಡಿಮೆ ಹೆಚ್ಚುತ್ತದೆ. ಇದು ಸಹಿಸಬಹುದಾದ ವ್ಯತ್ಯಾಸ. ನೋಟಕ್ಕಾಗಿ 285/75 ಆರ್16 ಹಾಕಿದವರ ಗಾಡಿಯಲ್ಲಿ ಅದು 834 ಮಿಲಿಮೀಟರಿಗೆ ಹೋಗುತ್ತದೆ, ಅಂದರೆ ಶೇಕಡ 11ಕ್ಕೂ ಹೆಚ್ಚು. ಚಕ್ರ ದೊಡ್ಡದಾದಷ್ಟೂ ಅದೇ ಗೇರಿನಲ್ಲಿ ರಸ್ತೆಗೆ ಸಿಗುವ ಎಳೆತ ಕಡಿಮೆಯಾಗುವುದರಿಂದ ಹತ್ತನೇ ಒಂದು ಪಾಲು ಎಳೆತ ಅಲ್ಲೇ ಹೋಯಿತು. 360 ನ್ಯೂಟನ್ ಮೀಟರಿನ ಎಂಜಿನ್‌ಗೆ ಇದು 36 ನ್ಯೂಟನ್ ಮೀಟರ್ ಕಳೆದುಕೊಂಡಂತೆ. ಇದರ ಜೊತೆಗೆ ಮಡ್ ಟೈರಿನ ಹೆಚ್ಚುವರಿ ತೂಕವನ್ನು ತಿರುಗಿಸುವ ಕೆಲಸವೂ ಎಂಜಿನ್ನಿನ ಮೇಲೆಯೇ ಬೀಳುತ್ತದೆ. ಹೀಗೆ ಕಳೆದುಕೊಂಡದ್ದನ್ನು ರೀಮ್ಯಾಪ್ ಮಾಡಿಸಿ ವಾಪಸು ತರುವವರನ್ನು ನೋಡಿದಾಗ, ಸಂತೆಯಲ್ಲಿ ಮಾರಿದ ಎಮ್ಮೆಯನ್ನು ಸಂಜೆ ಹೆಚ್ಚು ಬೆಲೆಗೆ ಕೊಂಡು ತಂದವರಂತೆ ಕಾಣುತ್ತಾರೆ.

ತೂಕದ ವಿಷಯವೂ ಹೀಗೆಯೇ. ಕಬ್ಬಿಣದ ಬಂಪರ್, ವಿಂಚ್, ಮಾಡಿನ ಮೇಲಿನ ಕ್ಯಾರಿಯರ್, ಹಿಂದಿನ ಬಾಡಿಯಲ್ಲಿ ವರ್ಷಗಟ್ಟಲೆ ಇಳಿಸದೆ ಉಳಿದ ಸಾಮಾನು ಎಲ್ಲ ಸೇರಿದರೆ ಸುಲಭವಾಗಿ ಇಬ್ಬರು ಮೂವರು ಆಳುಗಳ ಭಾರವಾಗುತ್ತದೆ. ಬಂಪರಿನ ಮುಂದೆ ಕೂರಿಸುವ ಬುಲ್ ಬಾರ್‌ಗಳನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ನಿಷೇಧಿಸಿರುವುದರಿಂದ ಅದನ್ನು ಬಿಚ್ಚಿದರೆ ಲಾಭ ಎರಡು ಕಡೆ.

ಅಳತೆಯಿಲ್ಲದೆ ಮುಂದೆ ಹೋಗಬೇಡಿ

ಇಸಿಯುವಿನ ಅಂಕಿಗಳನ್ನು ಓದಲೆಂದು ಸ್ಟಿಯರಿಂಗ್ ಕೆಳಗಿರುವ ಒಬಿಡಿ ಪೋರ್ಟಿಗೆ ಚುಚ್ಚುವ ಬ್ಲೂಟೂತ್ ರೀಡರ್ ಈ ದಾರಿಯಲ್ಲಿ ಮೊದಲು ಕೊಳ್ಳಬೇಕಾದ ವಸ್ತು ಎಂಬುದು ನನ್ನ ಅಭಿಪ್ರಾಯ. ಫೋನಿನಲ್ಲಿ ಮ್ಯಾನಿಫೋಲ್ಡ್ ಒತ್ತಡ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ), ಒಳಬರುವ ಗಾಳಿಯ ಉಷ್ಣತೆ, ಕೂಲೆಂಟ್ ಉಷ್ಣತೆ, ಡೀಸೆಲ್ ರೈಲ್ ಒತ್ತಡ (ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್‌ನ ಒತ್ತಡ) ಕಾಣಿಸುತ್ತವೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದಾಗ ಮ್ಯಾನಿಫೋಲ್ಡ್ ಒತ್ತಡ ಮಂಗಳೂರಿನಲ್ಲಿ 100 ಕಿಲೋಪ್ಯಾಸ್ಕಲ್ ಆಸುಪಾಸಿನಲ್ಲಿಯೂ ಬೆಂಗಳೂರು, ಚಿಕ್ಕಮಗಳೂರುಗಳಲ್ಲಿ 90ರ ಆಸುಪಾಸಿನಲ್ಲಿಯೂ ಇರಬೇಕು, ಏಕೆಂದರೆ ಅದು ಆಯಾ ಊರಿನ ವಾಯುಮಂಡಲದ ಒತ್ತಡವೇ. ಹಾಗಿರದಿದ್ದರೆ ಸೆನ್ಸರಿನಲ್ಲೇ ದೋಷವಿದೆ. ಎಂಜಿನ್ ಜೋರಾಗಿ ಎಳೆಯುವಾಗ ಏರುವ ಒತ್ತಡದಿಂದ ಈ ಅಂಕಿಯನ್ನು ಕಳೆದರೆ ಉಳಿಯುವುದೇ ಟರ್ಬೊ ಬೂಸ್ಟ್.

ಶಕ್ತಿಯ ನೇರ ಅಳತೆಗೆ ಡೈನೊ ಯಂತ್ರ ಬೇಕು. ಅದು ಚಕ್ರದಲ್ಲಿ ಸಿಗುವ ಶಕ್ತಿಯನ್ನು ತೋರಿಸುವುದರಿಂದ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಬಂದರೆ ಗಾಬರಿಯಾಗಬೇಕಿಲ್ಲ. ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ಗಳಲ್ಲಿ ಒಂದಿಷ್ಟು ಕಳೆದುಹೋಗುವುದು ಸಹಜ. ಡೈನೊ ಹತ್ತಿರವಿಲ್ಲದವರು ಜನವಾಹನಗಳಿಲ್ಲದ ಖಾಸಗಿ ಜಾಗದಲ್ಲಿ, ಅದೇ ಲೋಡು ಮತ್ತು ಅದೇ ಹೊತ್ತಿನಲ್ಲಿ, ಮೂರನೇ ಗೇರಿನಲ್ಲಿ 1500ರಿಂದ 3000 ಆರ್‌ಪಿಎಂಗೆ ಏರಲು ತಗಲುವ ಸಮಯವನ್ನು ಎರಡೂ ದಿಕ್ಕಿನಲ್ಲಿ ಮೂರು ಮೂರು ಸಲ ಅಳೆದು ಸರಾಸರಿ ಬರೆದಿಟ್ಟುಕೊಳ್ಳಬಹುದು. ಪ್ರತಿ ಮಾರ್ಪಾಡಿನ ನಂತರ ಅದೇ ಪರೀಕ್ಷೆ ಮಾಡಬೇಕು. ಎರಡು ಮಾರ್ಪಾಡುಗಳನ್ನು ಒಂದೇ ದಿನ ಮಾಡಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲು ಯಾರಿಂದಲೂ ಆಗದು.

ಜಾಹೀರಾತು ಹೆಚ್ಚು, ಫಲ ಕಡಿಮೆ

ಪೆಟ್ರೋಲ್ ಎಂಜಿನ್ನಿನ ನಂಬಿಕೆಗಳನ್ನು ಡೀಸೆಲ್‌ಗೆ ತಂದು ಹಾಕುವುದರಿಂದ ಬಹಳ ದುಡ್ಡು ಪೋಲಾಗುತ್ತದೆ. ತೊಳೆದು ಮತ್ತೆ ಬಳಸುವ ಎಣ್ಣೆ ಹಚ್ಚಿದ ಫಿಲ್ಟರ್ ಶಬ್ದವನ್ನು ಬದಲಾಯಿಸುತ್ತದೆ, ಆದರೆ ಇಸಿಯು ಡೀಸೆಲ್ ಹೆಚ್ಚಿಸದ ಹೊರತು ಶಕ್ತಿ ಗಮನಕ್ಕೆ ಬರುವಷ್ಟು ಏರುವುದಿಲ್ಲ. ಎಣ್ಣೆ ಹೆಚ್ಚಾದರೆ ಏರ್‌ಫ್ಲೋ ಸೆನ್ಸರಿಗೆ ಅಂಟಿ ತಪ್ಪು ಅಳತೆ ಕೊಡಿಸುವ ಅಪಾಯ ಬೇರೆ. ಕೆಮ್ಮಣ್ಣಿನ ಧೂಳಿಗೆ ಮೂಲ ಕಾಗದದ ಫಿಲ್ಟರೇ ಲೇಸು. ಸ್ನಾರ್ಕೆಲ್ ನೀರು ದಾಟುವುದಕ್ಕೆ ಮತ್ತು ಮುಂದಿನ ಗಾಡಿಯ ಧೂಳಿನಿಂದ ಸ್ವಲ್ಪ ಮೇಲಿನ ಗಾಳಿ ಪಡೆಯುವುದಕ್ಕೆ ಇರುವ ಸಾಧನ, ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಹಿಂದಿನ ಸೈಲೆನ್ಸರ್ ಡಬ್ಬಿಯನ್ನಷ್ಟೇ ಬದಲಿಸಿದರೆ ಸಿಗುವುದು ಗದ್ದಲ.

ಥ್ರಾಟಲ್ ಕಂಟ್ರೋಲರ್ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಹೇಳಬೇಕು. ಅದು ಪೆಡಲಿನ ಸಂದೇಶವನ್ನು ಬದಲಾಯಿಸುತ್ತದೆ, ಕಾಲಂಶ ತುಳಿದರೆ ಅರ್ಧ ತುಳಿದಂತೆ ಇಸಿಯುಗೆ ತಿಳಿಸುತ್ತದೆ. ಪೂರ್ತಿ ತುಳಿದಾಗ ಎಂಜಿನ್ ಕೊಡುವ ಶಕ್ತಿ ಮೊದಲಿನಷ್ಟೇ. ಹಾಗೆಂದು ಅದನ್ನು ಮೋಸ ಎನ್ನಲಾರೆ. ಪೆಡಲ್ ಮಂದವಾಗಿದೆ ಎಂಬುದಷ್ಟೇ ನಿಮ್ಮ ದೂರಾಗಿದ್ದರೆ, ಬೇಡವೆಂದಾಗ ಐದು ನಿಮಿಷದಲ್ಲಿ ಬಿಚ್ಚಿಡಬಹುದಾದ ಈ ಸಾಧನ ಸಾಕಾಗಲೂಬಹುದು.

ರೀಮ್ಯಾಪ್

ಮೇಲಿನದೆಲ್ಲ ಮುಗಿದ ಮೇಲೂ ಎಳೆತ ಸಾಲದಿದ್ದರೆ, ಟರ್ಬೊ ಡೀಸೆಲ್‌ನಲ್ಲಿ ನಿಜವಾಗಿ ಶಕ್ತಿ ಹೆಚ್ಚಿಸುವ ಮೊದಲ ಮಾರ್ಪಾಡು ಇಸಿಯು ರೀಮ್ಯಾಪ್. ಡೀಸೆಲ್ ಪ್ರಮಾಣ, ಬೂಸ್ಟ್, ಇಂಜೆಕ್ಷನ್ ಸಮಯ, ಟಾರ್ಕ್ ಮಿತಿ ಇವೆಲ್ಲ ಇಸಿಯು ಒಳಗೆ ಕೋಷ್ಟಕಗಳಾಗಿ ಇರುತ್ತವೆ. ತಿಳಿದವರು ಅವುಗಳನ್ನು ಪರಸ್ಪರ ಹೊಂದುವಂತೆ ತಿದ್ದುತ್ತಾರೆ. ಟ್ಯೂನಿಂಗ್ ಬಾಕ್ಸ್ ಹಾಗಲ್ಲ. ರೈಲ್ ಒತ್ತಡದ ಸೆನ್ಸರಿಗೂ ಇಸಿಯುಗೂ ನಡುವೆ ಕುಳಿತು ಒತ್ತಡ ಇರುವುದಕ್ಕಿಂತ ಕಡಿಮೆ ಇದೆಯೆಂದು ಸುಳ್ಳು ಹೇಳಿ ಹೆಚ್ಚು ಡೀಸೆಲ್ ಸುರಿಸುವುದು ಅಗ್ಗದ ಬಾಕ್ಸ್‌ಗಳ ಕೆಲಸ. ಗಾಳಿ ಹೆಚ್ಚಿಸದೆ ಡೀಸೆಲ್ ಮಾತ್ರ ಹೆಚ್ಚಿಸಿದರೆ ಹೊಗೆಯೂ ಉರಿಯೂ ಏರುತ್ತವೆ. ಬೂಸ್ಟ್ ಸಂದೇಶವನ್ನೂ ಜೊತೆಗೇ ನಿಭಾಯಿಸುವ ಒಳ್ಳೆಯ ಬಾಕ್ಸ್‌ಗಳೂ ಇವೆ. ವಾರಂಟಿಯ ಕಾರಣಕ್ಕೆ ಬಾಕ್ಸ್ ಆರಿಸುವವರು, ಅದನ್ನು ಬಿಚ್ಚಿಟ್ಟರೂ ಇಸಿಯುವಿನಲ್ಲಿ ದಾಖಲಾದ ಅಂಕಿಗಳು ಉಳಿದಿರಬಹುದು ಎಂಬುದನ್ನು ನೆನಪಿಡಬೇಕು.

ಎಷ್ಟು ಹೆಚ್ಚಿಸಬೇಕು ಎಂಬಲ್ಲಿ ಆಸೆಗೆ ಕಡಿವಾಣ ಬೇಕು. ಟೊಯೋಟ ಹೈಲಕ್ಸ್‌ನ 2.8 ಲೀಟರ್ ಎಂಜಿನ್ ಎರಡೂ ಬಗೆಯಲ್ಲಿ 204 ಪಿಎಸ್ ಕೊಟ್ಟರೂ ಟಾರ್ಕ್ ಮಾತ್ರ ಆಟೋಮ್ಯಾಟಿಕ್‌ನಲ್ಲಿ 500, ಮ್ಯಾನುಯಲ್‌ನಲ್ಲಿ 420 ನ್ಯೂಟನ್ ಮೀಟರ್. ಎಂಜಿನ್ ಒಂದೇ ಆಗಿದ್ದರೂ ಗೇರ್‌ಬಾಕ್ಸ್ ಬದಲಾದಾಗ ಟಾರ್ಕಿನ ಅಂಕಿಯೂ ಬದಲಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ರೀಮ್ಯಾಪ್ ಮಾಡಿಸಿದಾಗ ಮೊದಲು ಸೋಲುವುದು ಸಾಮಾನ್ಯವಾಗಿ ಕ್ಲಚ್. ನಾಲ್ಕನೇ ಅಥವಾ ಐದನೇ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಪೂರ್ತಿ ತುಳಿದಾಗ ಗಾಡಿಯ ವೇಗ ಏರದೆ ಸೂಜಿ ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಈ ಪರೀಕ್ಷೆಯನ್ನು ರೀಮ್ಯಾಪ್‌ಗೆ ಮೊದಲೇ ಮಾಡಿ, ಜಾರುವ ಲಕ್ಷಣವಿದ್ದರೆ ಕ್ಲಚ್ ಪ್ಲೇಟಿಗೆ ಆ ಹಣ ಹೋಗಲಿ.

ಲೋಡು ಹೊತ್ತು ಘಾಟಿ ಹತ್ತುವ ಗಾಡಿಗೆ ಇನ್ನೊಂದು ಅಪಾಯವಿದೆ. ಹತ್ತು ಸೆಕೆಂಡಿನ ಓವರ್‌ಟೇಕ್‌ನಲ್ಲಿ ತಾಳಿಕೊಂಡ ಎಂಜಿನ್, ಚಾರ್ಮಾಡಿಯಲ್ಲಿ ಅರ್ಧ ತಾಸು ಒಂದೇ ಸಮನೆ ಎಳೆಯುವಾಗ ತಾಳಿಕೊಳ್ಳುತ್ತದೆ ಎಂದೇನೂ ಇಲ್ಲ. ಹೆಚ್ಚು ಡೀಸೆಲ್ ಉರಿದಂತೆ ಟರ್ಬೊಗೆ ಹೋಗುವ ಹೊಗೆಯ ಉಷ್ಣತೆ ಏರುತ್ತದೆ, ಅದು ಸುಮಾರು 750 ಡಿಗ್ರಿ ಸೆಲ್ಸಿಯಸ್ ದಾಟಿ ಬಹಳ ಹೊತ್ತು ನಿಂತರೆ ಟರ್ಬೊ ಮತ್ತು ಪಿಸ್ಟನ್‌ಗಳಿಗೆ ಕುತ್ತು. ಟ್ರೇಲರ್ ಎಳೆಯುವವರು, ಕಾಫಿ ಮೂಟೆ ಹೇರಿ ಇಳಿದು ಹತ್ತುವವರು ಈ ಉಷ್ಣತೆಯ ಮೀಟರನ್ನು ರೀಮ್ಯಾಪ್ ಜೊತೆಗೇ ಹಾಕಿಸಬೇಕು. ಟ್ಯೂನರ್ ಹತ್ತಿರ ಗರಿಷ್ಠ ಅಶ್ವಶಕ್ತಿಯನ್ನು ಕೇಳುವ ಬದಲು ‘1500ರಿಂದ 2500ರವರೆಗೆ ಎಳೆತ ಬೇಕು, ಹೊಗೆ ಬರಬಾರದು, ಲೋಡಿನಲ್ಲಿ ಬಿಸಿಯಾಗಬಾರದು’ ಎಂದು ನಿಮ್ಮ ಚೀಟಿಯನ್ನೇ ಮುಂದಿಡಿ. ಆ ಚೀಟಿ ನೋಡಿ ಪ್ರಶ್ನೆ ಕೇಳುವವರಾದರೆ ಕೆಲಸ ಕೊಡಬಹುದು. ಎಲ್ಲ ಗಾಡಿಗೂ ಒಂದೇ ಫೈಲ್ ಹಾಕಿ ಅರ್ಧ ಗಂಟೆಯಲ್ಲಿ ಕಳಿಸುವವರಿಂದ ದೂರವಿರುವುದು ಕ್ಷೇಮ.

ಹತ್ತುವುದಕ್ಕೆ ಶಕ್ತಿ ಕೂಡಿಸಿದವರು ಇಳಿಯುವುದನ್ನೂ ಯೋಚಿಸಬೇಕು. ವಿ-ಕ್ರಾಸ್‌ನಂಥ ಗಾಡಿಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್ ಇರುತ್ತದೆ. ಬ್ರೇಕ್ ಆಯಿಲ್ ಕಾಲಕ್ರಮದಲ್ಲಿ ಗಾಳಿಯ ತೇವ ಹೀರಿಕೊಂಡು ಕಡಿಮೆ ಬಿಸಿಗೇ ಕುದಿಯತೊಡಗುತ್ತದೆ. ರೀಮ್ಯಾಪ್‌ಗೆ ಮುನ್ನ ಆಯಿಲ್ ಬದಲಿಸಿ, ಪ್ಯಾಡ್ ಮತ್ತು ಶೂಗಳನ್ನು ನೋಡಿಸುವುದನ್ನು ನಾನು ಐಚ್ಛಿಕವೆಂದು ಭಾವಿಸುವುದಿಲ್ಲ.

ಡಿಪಿಎಫ್, ಆರ್‌ಟಿಒ, ವಿಮೆ

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ನಿಯಮದ ಡೀಸೆಲ್ ಪಿಕಪ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದೆ. ಅದು ತುಂಬಿದಾಗ ಇಸಿಯು ಅದರ ಉಷ್ಣತೆಯನ್ನು 600 ಡಿಗ್ರಿಯ ಆಸುಪಾಸಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಹೊಗೆ ಹೆಚ್ಚಿಸುವ ಮ್ಯಾಪ್ ಹಾಕಿದರೆ ಸುಡುವ ಸರದಿ ಪದೇ ಪದೇ ಬಂದು, ಎಂಜಿನ್ ಆಯಿಲ್‌ಗೆ ಡೀಸೆಲ್ ಸೇರಿ ಆಯಿಲ್ ತೆಳುವಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಸಂತೋಷಪಡಬೇಡಿ, ಇದೇ ಕಾರಣವಿರಬಹುದು. ಡಿಪಿಎಫ್ ಒಡೆದು ಖಾಲಿ ಡಬ್ಬಿ ಕೂರಿಸುತ್ತೇವೆಂದು ಹೇಳುವವರಿದ್ದಾರೆ. ಅದು ಕಾನೂನುಬಾಹಿರ, ಮತ್ತು ಆ ಮಸಿ ಸೇರುವುದು ನಮ್ಮದೇ ಓಣಿಯ ಮಕ್ಕಳ ಶ್ವಾಸಕ್ಕೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ಕೆಲಸ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆ ಕಂಪನಿಗೆ ಬರಹದಲ್ಲಿ ತಿಳಿಸಿ. ತಿಳಿಸದೆ ಮಾಡಿಸಿದರೆ ಅಪಘಾತವಾದ ದಿನ ಕ್ಲೇಮು ತಿರಸ್ಕರಿಸಲು ಅವರ ಕೈಗೆ ನೀವೇ ಕಾರಣ ಕೊಟ್ಟಂತಾಗುತ್ತದೆ. ಹಳದಿ ಬೋರ್ಡ್ ಗಾಡಿಯಾದರೆ ಎಫ್‌ಸಿಗೆ ಹೋದಾಗಲೂ ಪ್ರಶ್ನೆ ಏಳುತ್ತದೆ. ಹೊಸ ಗಾಡಿಯ ವಾರಂಟಿ ಮುಗಿಯುವವರೆಗೆ ನಾನಾದರೆ ಹೋಸ್, ಫಿಲ್ಟರ್, ಟೈರು, ತೂಕಗಳಾಚೆ ಹೋಗುವುದಿಲ್ಲ.

ಕೆಲಸ ಮಾಡಿಸುವ ದಿನ

ಇಸಿಯು ಬರೆಯುವಾಗ ಬ್ಯಾಟರಿ ವೋಲ್ಟೇಜ್ ಇಳಿದರೆ ಬರಹ ನಡುವೆ ನಿಂತು ಇಸಿಯು ಕೆಡಬಹುದು. ಹಾಗಾಗಿ ಬ್ಯಾಟರಿಗೆ ಚಾರ್ಜರ್ ಜೋಡಿಸಿದ್ದಾರೆಯೇ ನೋಡಿ. ಮೊದಲು ಮೂಲ ಫೈಲನ್ನು ಓದಿಸಿ ಅದರ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲಿ ಪಡೆಯಿರಿ. ಆಮೇಲಿನ ಒಂದು ಸಾವಿರ ಕಿಲೋಮೀಟರ್ ಕೂಲೆಂಟ್ ಉಷ್ಣತೆ, ಆಯಿಲ್ ಮಟ್ಟ, ಹೊಗೆ, ಕ್ಲಚ್ ವಾಸನೆಗಳ ಮೇಲೆ ಕಣ್ಣಿಟ್ಟು, ಮೊದಲು ಅಳೆದ ಅದೇ ಜಾಗದಲ್ಲಿ ಮತ್ತೆ ಸಮಯ ಅಳೆಯಿರಿ. ಸರ್ವಿಸ್ ಸೆಂಟರಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಹೊಸ ಮ್ಯಾಪ್ ಅಳಿಸಿಹೋಗುತ್ತದೆ. ಸರ್ವಿಸ್ ಮುಗಿಸಿ ಬರುವಾಗ ಮೊದಲ ಏರಿನಲ್ಲೇ ಗಾಡಿ ಹಿಂದಿನಂತೆ ಮೊಂಡು ಹಿಡಿದರೆ, ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಬಿಲ್ಲಿನಲ್ಲಿ ಆ ಸಾಲು ಇದೆಯೇ ನೋಡಿಕೊಳ್ಳಿ.